ಸೂಕ್ಷ್ಮಜೀವಿ, ಸಗಣಿ, ಸೋಲಾರ್: ಪದವಿಯ ನಂತರದ ಎರಡು ವರ್ಷ

ಡಿಗ್ರಿಯ ಕೊನೆ ಸೆಮಿಸ್ಟರ್ ಮುಗಿಯುತ್ತಿದ್ದಂತೆ ಮೈಸೂರಿನ ಹಿನಕಲ್‌ನ ಎಷ್ಟೋ ಮನೆಗಳಲ್ಲಿ ಮುಂದೇನು ಎಂಬ ಮಾತು ಏಳುತ್ತದೆ. ಬಿ.ಎಸ್ಸಿ.ಯಲ್ಲಿ ಜೀವವಿಜ್ಞಾನ ಓದಿದ ಮಗಳಿಗೆ ಯಾರೋ ಬಯೋಟೆಕ್ ಸೇರು ಅನ್ನುತ್ತಾರೆ. ಎಂಜಿನಿಯರಿಂಗ್ ಮುಗಿಸಿದ ಮಗನಿಗೆ ಸೋಲಾರ್‌ಗೇ ಕಾಲ ಅನ್ನುತ್ತಾರೆ. ಹೇಳುವವರಿಗೂ ಪೂರ್ತಿ ಗೊತ್ತಿರುವುದಿಲ್ಲ, ಕೇಳುವವರಿಗೂ ಗೊತ್ತಾಗುವುದಿಲ್ಲ. ಆದರೆ ಈ ಎರಡೂ ಓದು ನಾವು ಅಂದುಕೊಂಡಷ್ಟು ದೂರ ಇಲ್ಲ. ಎರಡೂ ಸೇರುವ ಜಾಗವೊಂದಿದೆ. ಅಲ್ಲಿಗೆ ಯಾರು ಯಾವ ದಾರಿಯಲ್ಲಿ ಹೋಗಬಹುದು, ಎಷ್ಟು ಖರ್ಚಾಗುತ್ತದೆ, ಎಲ್ಲಿ ಓದಬಹುದು ಎಂದು ನೋಡೋಣ.

ಮೊದಲು ಬಯೋಟೆಕ್ನಾಲಜಿ. ಕನ್ನಡದಲ್ಲಿ ಜೈವಿಕ ತಂತ್ರಜ್ಞಾನ. ಬ್ಯಾಕ್ಟೀರಿಯಾ, ಯೀಸ್ಟ್, ಪಾಚಿ, ಗಿಡದ ಜೀವಕೋಶ, ಎನ್‌ಜೈಮ್ ಅಂದರೆ ಕಿಣ್ವ, ಇವುಗಳಿಂದ ನಮಗೆ ಬೇಕಾದ ಕೆಲಸ ಮಾಡಿಸಿಕೊಳ್ಳುವ ವಿದ್ಯೆ ಅದು. ಔಷಧಿ, ಲಸಿಕೆ, ಬಿತ್ತನೆ, ಆಹಾರ ಎಲ್ಲವೂ ಇದರೊಳಗೆ ಬರುತ್ತವೆ. ಇನ್ನು ರಿನ್ಯೂವಬಲ್ ಎನರ್ಜಿ, ಅಂದರೆ ನವೀಕರಿಸಬಹುದಾದ ಇಂಧನ. ಬಿಸಿಲು, ಗಾಳಿ, ಹರಿಯುವ ನೀರು, ಬೆಳೆಯ ತ್ಯಾಜ್ಯ ಇವುಗಳಿಂದ ಪಡೆಯುವ ಶಕ್ತಿ. ಹೆಸರು ಹೊಸದಾದರೂ ನಮ್ಮ ಭಾಗಕ್ಕೆ ವಿಷಯ ಹಳೆಯದು. ಶಿವನಸಮುದ್ರದಲ್ಲಿ ಕಾವೇರಿಯ ನೀರಿನಿಂದ ವಿದ್ಯುತ್ ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದ್ದು 1902ರಲ್ಲೇ.

ಇವೆರಡೂ ಎಲ್ಲಿ ಸೇರುತ್ತವೆ ಎಂದು ನೋಡಲು ದೂರ ಹೋಗಬೇಕಿಲ್ಲ. ನಂಜನಗೂಡು ತಾಲ್ಲೂಕಿನ ಅಳಗಂಚಿಯ ಸಕ್ಕರೆ ಕಾರ್ಖಾನೆಯನ್ನೇ ತೆಗೆದುಕೊಳ್ಳಿ. ಕಬ್ಬು ಅರೆದ ಮೇಲೆ ಉಳಿಯುವ ಸಿಪ್ಪೆಯನ್ನು ಬಾಯ್ಲರ್‌ನಲ್ಲಿ ಉರಿಸಿ ವಿದ್ಯುತ್ ತೆಗೆಯುತ್ತಾರೆ. ಅದು ಎಂಜಿನಿಯರ್ ಕೆಲಸ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಯೀಸ್ಟ್‌ಗೆ ಕೊಟ್ಟರೆ ಎಥನಾಲ್ ಬರುತ್ತದೆ. ಅದು ಬಯೋಟೆಕ್‌ನವರ ಕೆಲಸ. ಬಂಕ್‌ಗಳಲ್ಲಿ ಇ20 ಎಂದು ಬರೆದ ಪೆಟ್ರೋಲ್ ನೋಡಿರುತ್ತೀರಿ. ಅದರಲ್ಲಿ ನೂರಕ್ಕೆ 20 ಭಾಗ ಇಂಥ ಎಥನಾಲ್. ನೂರು ಕಿಲೋ ಗ್ಲೂಕೋಸ್‌ನಿಂದ, ಲೆಕ್ಕದ ಪ್ರಕಾರ, ಹೆಚ್ಚೆಂದರೆ 51 ಕಿಲೋ ಎಥನಾಲ್ ಸಿಗುತ್ತದೆ. ಉಳಿದದ್ದು ಇಂಗಾಲದ ಡೈಆಕ್ಸೈಡ್ ಆಗಿ ಹೋಗುತ್ತದೆ. ಯೀಸ್ಟನ್ನು ಆ 51ರ ಹತ್ತಿರಕ್ಕೆ ಎಳೆದು ತರುವುದು, ಕಾಕಂಬಿಯ ಬದಲು ಹುಲ್ಲು, ಸಿಪ್ಪೆ, ಜೋಳದ ದಂಟಿನಿಂದಲೂ ಎಥನಾಲ್ ತೆಗೆಯುವುದು, ಇದರ ಮೇಲೆ ಸಂಶೋಧನೆ ನಡೆಯುತ್ತಿದೆ. ಇದಕ್ಕೆ ಬಯೋಎನರ್ಜಿ, ಜೈವಿಕ ಇಂಧನ ಎನ್ನುತ್ತಾರೆ.

ಇದರಲ್ಲಿ ಕರ್ನಾಟಕದ ಹೆಸರು ಹಿಂದಿನಿಂದಲೂ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ ಅವರು 1974ರಲ್ಲಿ ಹಳ್ಳಿಗಳ ತಂತ್ರಜ್ಞಾನಕ್ಕೆಂದೇ 'ಅಸ್ತ್ರ' ಎಂಬ ಕೇಂದ್ರ ಕಟ್ಟಿದರು. ಹೊಗೆ ಕಡಿಮೆ ಮಾಡಿದ ಅಸ್ತ್ರ ಒಲೆ ಅಲ್ಲಿಯದೇ. ಅದೇ ತಂಡ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಊರಿಗೆಲ್ಲ ಸೇರಿ ಒಂದು ಗೋಬರ್ ಗ್ಯಾಸ್ ಸ್ಥಾವರ ಮಾಡಿತು. ಮೊದಲು ಎಲ್ಲ ಮನೆಗೂ ಅಡುಗೆ ಅನಿಲ ಕೊಡುವ ಯೋಚನೆ ಇತ್ತು. ಊರಿನ ಸಗಣಿ ಅಷ್ಟಕ್ಕೆ ಸಾಲಲಿಲ್ಲ. ಆಮೇಲೆ 1987ರಿಂದ ಅದೇ ಅನಿಲದಿಂದ ಎಂಜಿನ್ ಓಡಿಸಿ ಮನೆಗಳಿಗೆ ದೀಪ, ಊರಿಗೆ ಕೊಳವೆಬಾವಿ ನೀರು ಕೊಟ್ಟರು. ಸಗಣಿ ತಂದವರಿಗೆ ಬಗ್ಗಡ ಗೊಬ್ಬರವಾಗಿ ವಾಪಸು ಹೋಗುತ್ತಿತ್ತು. ಈ ಕ್ಷೇತ್ರ ಓದುವವರು ಪುರದ ಕಥೆಯನ್ನು ತಪ್ಪದೆ ತಿಳಿದುಕೊಳ್ಳಬೇಕು. ತಂತ್ರ ಸರಿಯಿದ್ದರೂ ಲೆಕ್ಕ ತಪ್ಪಿದರೆ ಏನಾಗುತ್ತದೆ, ಲೆಕ್ಕ ತಿದ್ದಿಕೊಂಡರೆ ಏನಾಗುತ್ತದೆ, ಎರಡೂ ಅಲ್ಲಿವೆ.

ಹಾಸನದ ಹತ್ತಿರ ಮಡೆನೂರಿನಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಜೈವಿಕ ಇಂಧನ ಉದ್ಯಾನವಿದೆ. ಹೊಂಗೆ, ಬೇವು, ಹಿಪ್ಪೆ, ಸಿಮರೂಬದಂಥ ಮರಗಳ ಎಣ್ಣೆಯಿಂದ ಡೀಸೆಲ್ ಮಾಡುವುದನ್ನು ಅಲ್ಲಿ ತೋರಿಸುತ್ತಾರೆ. ಒಮ್ಮೆ ನೋಡಿ ಬನ್ನಿ.

ಈಗ ಮುಖ್ಯ ಪ್ರಶ್ನೆ: ನಿಮ್ಮ ಪದವಿ ಯಾವುದು? ಇಲ್ಲೇ ಬಹಳ ಜನ ಎಡವುತ್ತಾರೆ. ಎಂ.ಟೆಕ್. ರಿನ್ಯೂವಬಲ್ ಎನರ್ಜಿ ಎಂಬ ಹೆಸರು ನೋಡಿ ಬಿ.ಎಸ್ಸಿ. ಮುಗಿಸಿದವರು ಆಸೆಪಡುತ್ತಾರೆ. ಸಾಮಾನ್ಯವಾಗಿ ಅದಕ್ಕೆ ಬಿ.ಇ. ಅಥವಾ ಬಿ.ಟೆಕ್. ಬೇಕು. ಮೆಕ್ಯಾನಿಕಲ್, ಎಲೆಕ್ಟ್ರಿಕಲ್, ಕೆಮಿಕಲ್ ಆದರೆ ಒಳ್ಳೆಯದು. ಹಾಗಾದರೆ ಬಿ.ಎಸ್ಸಿ.ಯವರಿಗೆ ಇಂಧನದ ದಾರಿಯೇ ಇಲ್ಲವೇ? ಇದೆ. ಬಯೋಟೆಕ್ನಾಲಜಿ, ಮೈಕ್ರೋಬಯಾಲಜಿ ಅಂದರೆ ಸೂಕ್ಷ್ಮಜೀವಿ ಶಾಸ್ತ್ರ, ಜೀವರಸಾಯನ ಇವುಗಳಲ್ಲಿ ಎಂ.ಎಸ್ಸಿ. ಮಾಡಿ, ಕೊನೆಯ ಪ್ರಾಜೆಕ್ಟನ್ನು ಎಥನಾಲ್, ಬಯೋಗ್ಯಾಸ್, ಪಾಚಿ ಇವುಗಳ ಮೇಲೆ ಮಾಡಿದರೆ ಹಿಂಬಾಗಿಲಿನಿಂದ ಅಲ್ಲ, ಮುಂಬಾಗಿಲಿನಿಂದಲೇ ಜೈವಿಕ ಇಂಧನಕ್ಕೆ ಬಂದಂತೆ. ಭೌತಶಾಸ್ತ್ರ ಓದಿದವರು ಎಂ.ಎಸ್ಸಿ. ಫಿಸಿಕ್ಸ್ ಮಾಡಿ ಸೋಲಾರ್ ಸೆಲ್‌ನ ವಸ್ತುಗಳ ಕಡೆ ಹೋಗಬಹುದು. ಪರಿಸರ ವಿಜ್ಞಾನವೂ ಒಂದು ದಾರಿ. ಕೋರ್ಸಿನ ಹೆಸರಲ್ಲಿ ಎನರ್ಜಿ ಎಂಬ ಪದ ಇರಲೇಬೇಕೆಂದು ಹಟ ಹಿಡಿಯಬೇಡಿ. ಆ ವಿಭಾಗದ ಪ್ರಯೋಗಾಲಯದಲ್ಲಿ ಏನು ನಡೆಯುತ್ತಿದೆ ಎಂಬುದೇ ಹೆಚ್ಚು ಮುಖ್ಯ.

ಪ್ರವೇಶ ಪರೀಕ್ಷೆಗಳು ಹಲವು. ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರುವುದಾದರೆ ವಿ.ವಿ.ಯ ಸ್ನಾತಕೋತ್ತರ ಪ್ರವೇಶದ ಅಧಿಸೂಚನೆ ಕಾಯಿರಿ. ಪ್ರವೇಶದ ಕ್ರಮ, ಸೀಟು, ಶುಲ್ಕ ಎಲ್ಲವೂ ಅದರಲ್ಲೇ ಇರುತ್ತವೆ. ಕರ್ನಾಟಕದ ಎಂ.ಟೆಕ್. ಸೀಟುಗಳಿಗೆ ಪರೀಕ್ಷಾ ಪ್ರಾಧಿಕಾರ ನಡೆಸುವ ಪಿಜಿಸಿಇಟಿ ಇದೆ. ಕಲಬುರಗಿ ಜಿಲ್ಲೆಯ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯದಂಥ ಕಡೆಗೆ ಸಿಯುಇಟಿ-ಪಿಜಿ. ಐಐಟಿಗಳ ಎಂ.ಎಸ್ಸಿ.ಗೆ, ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್.ಡಿ.ಗೆ ಜಾಮ್ ಪರೀಕ್ಷೆ. ಅದರಲ್ಲಿ ಬಯೋಟೆಕ್ನಾಲಜಿಗೆ ಪ್ರತ್ಯೇಕ ಪತ್ರಿಕೆಯಿದೆ. ಎಂ.ಟೆಕ್.ಗೆ ಗೇಟ್. ಗೇಟ್‌ನಲ್ಲೂ ಬಯೋಟೆಕ್ನಾಲಜಿ ಪತ್ರಿಕೆ ಇರುವುದರಿಂದ ಎಂ.ಎಸ್ಸಿ. ಮಾಡಿದವರೂ ಅದನ್ನು ಬರೆದು ಕೆಲವು ಎಂ.ಟೆಕ್. ಕೋರ್ಸುಗಳಿಗೆ ಸೇರಬಹುದು. ಒಮ್ಮೆ ಬಂದ ಗೇಟ್ ಅಂಕ ಮೂರು ವರ್ಷ ನಡೆಯುತ್ತದೆ. ಜಾಮ್, ಗೇಟ್ ಎರಡೂ ಫೆಬ್ರವರಿ ಆಸುಪಾಸಿನಲ್ಲಿ ನಡೆಯುತ್ತವೆ, ಅರ್ಜಿ ಮಾತ್ರ ಅದರ ಹಿಂದಿನ ಆಗಸ್ಟ್–ಅಕ್ಟೋಬರ್‌ನಲ್ಲಿ. ಫಲಿತಾಂಶ ಬಂದ ಮೇಲೆ ನೋಡೋಣ ಎಂದು ಕೂತರೆ ಆ ವರ್ಷ ಕೈತಪ್ಪಿತು. ಕೊನೆ ವರ್ಷದಲ್ಲಿ ಇರುವಾಗಲೇ ಬರೆಯಬಹುದು.

ಇನ್ನೊಂದು ಪರೀಕ್ಷೆ ನಮ್ಮ ಕಡೆ ಅಷ್ಟಾಗಿ ಚಾಲ್ತಿಯಲ್ಲಿಲ್ಲ: ಗ್ಯಾಟ್-ಬಿ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ನೆರವು ಕೊಡುವ ಕೋರ್ಸುಗಳಿಗೆ 2020ರಿಂದ ಇದೇ ಪ್ರವೇಶ ಪರೀಕ್ಷೆ. ದೇಶದ ಬೇರೆ ಬೇರೆ ವಿ.ವಿ.ಗಳ ಸೀಟುಗಳು ಇದರಡಿ ಬರುತ್ತವೆ. ಪಟ್ಟಿ ಆಯಾ ವರ್ಷದ ಮಾಹಿತಿ ಪುಸ್ತಿಕೆಯಲ್ಲಿ ಇರುತ್ತದೆ. ಇದರ ಮೊದಲ ಭಾಗದಲ್ಲಿ ಪಿಯುಸಿ ಮಟ್ಟದ ಭೌತ, ರಸಾಯನ, ಗಣಿತ, ಜೀವಶಾಸ್ತ್ರದ ಪ್ರಶ್ನೆಗಳು ಕಡ್ಡಾಯ. ಪಿಯುಸಿ ಪುಸ್ತಕಗಳನ್ನು ಹಳೇ ಪೇಪರ್ ಅಂಗಡಿಗೆ ಹಾಕಿದ್ದರೆ ಪಕ್ಕದ ಮನೆಯ ಮಕ್ಕಳಿಂದ ಎರವಲು ತನ್ನಿ.

ನಾಲ್ಕು ವರ್ಷದ ಆನರ್ಸ್ ಓದಿದವರಿಗೆ ಒಂದು ಮಾತು. 2021–22ರಲ್ಲಿ ಕರ್ನಾಟಕದಲ್ಲಿ ಪದವಿ ಸೇರಿದವರಲ್ಲಿ ಕೆಲವರು ನಾಲ್ಕನೇ ವರ್ಷವನ್ನೂ ಮುಗಿಸಿದ್ದಾರೆ. ಅಂಥವರಿಗೆ ಒಂದೇ ವರ್ಷದ ಸ್ನಾತಕೋತ್ತರ ಪದವಿಗೆ ಯುಜಿಸಿ ಅವಕಾಶ ಕೊಟ್ಟಿದೆ. ನೀವು ಸೇರಬೇಕೆಂದಿರುವ ವಿಭಾಗದಲ್ಲಿ ಅದು ನಡೆಯುತ್ತಿದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಸೇರಿದ ಮೇಲೆ ಏನು ಓದುತ್ತೀರಿ? ಮೈಸೂರು ವಿ.ವಿ.ಯಲ್ಲಿ ನಾಲ್ಕು ಸೆಮಿಸ್ಟರ್. ಹಾರ್ಡ್ ಕೋರ್ ಎಂದರೆ ಕಡ್ಡಾಯ ವಿಷಯ, ಸಾಫ್ಟ್ ಕೋರ್ ಎಂದರೆ ವಿಭಾಗದೊಳಗೇ ಆರಿಸಿಕೊಳ್ಳುವ ವಿಷಯ, ಓಪನ್ ಎಲೆಕ್ಟಿವ್ ಎಂದರೆ ಬೇರೆ ವಿಭಾಗದಿಂದ ತೆಗೆದುಕೊಳ್ಳುವ ವಿಷಯ. ಈ ಓಪನ್ ಎಲೆಕ್ಟಿವ್ ಅನ್ನು ಸುಲಭಕ್ಕೆ ಯಾವುದೋ ಒಂದು ಎಂದು ತುಂಬಿಬಿಡುವವರೇ ಹೆಚ್ಚು. ಇಂಧನದ ಆಸಕ್ತಿ ಇದ್ದರೆ ಪರಿಸರ ವಿಜ್ಞಾನ, ಭೌತಶಾಸ್ತ್ರ, ರಸಾಯನ ವಿಭಾಗಗಳ ಕಡೆ ನೋಡಿ. ಮೊದಲ ವರ್ಷ ಅಣುಜೀವಶಾಸ್ತ್ರ, ಸೂಕ್ಷ್ಮಜೀವಿ, ತಳಿಶಾಸ್ತ್ರ. ಪ್ರಯೋಗಾಲಯದಲ್ಲಿ ಬಹಳ ಹೊತ್ತು ಸ್ವಚ್ಛತೆಗೇ ಹೋಗುತ್ತದೆ. ಆಟೋಕ್ಲೇವ್ ಎಂಬ ದೊಡ್ಡ ಪ್ರೆಶರ್ ಕುಕ್ಕರ್‌ನಲ್ಲಿ 121 ಡಿಗ್ರಿ ಉಷ್ಣತೆಯಲ್ಲಿ 15 ನಿಮಿಷ ಬೇಯಿಸಿದ ಮೇಲೇ ಯಾವ ಪಾತ್ರೆಯನ್ನಾದರೂ ಮುಟ್ಟುವುದು. ಬೇಜಾರಿನ ಕೆಲಸ ಅನ್ನಿಸಬಹುದು. ಇದರಲ್ಲಿ ಕೈ ಪಳಗದವರ ಪ್ಲೇಟಿನಲ್ಲಿ ಬೇಕಾದ ಬ್ಯಾಕ್ಟೀರಿಯಾ ಬಿಟ್ಟು ಬೇರೆಲ್ಲವೂ ಬೆಳೆಯುತ್ತವೆ.

ಕೊನೆಯ ಸೆಮಿಸ್ಟರ್‌ನ ಪ್ರಾಜೆಕ್ಟ್ ಹೇಗಿರುತ್ತದೆ ಎಂಬುದಕ್ಕೆ ಬಯೋಗ್ಯಾಸಿನ ಒಂದು ಪ್ರಯೋಗವನ್ನೇ ಹತ್ತಿರದಿಂದ ನೋಡೋಣ. ಒಂದು ತ್ಯಾಜ್ಯದಿಂದ ಎಷ್ಟು ಮೀಥೇನ್ ಬರಬಲ್ಲದು ಎಂದು ಅಳೆಯುವ ಪರೀಕ್ಷೆ ಅದು. ಓಡುತ್ತಿರುವ ಗೋಬರ್ ಗ್ಯಾಸ್ ಸ್ಥಾವರದಿಂದ ಸ್ವಲ್ಪ ಬಗ್ಗಡ ತರಬೇಕು. ಮೀಥೇನ್ ಮಾಡುವ ಜೀವಿಗಳು ಅದರಲ್ಲಿರುತ್ತವೆ. ಒಂದು ಗಾಜಿನ ಬಾಟಲಿಗೆ ಬಗ್ಗಡ ಮಾತ್ರ ಹಾಕುತ್ತೀರಿ. ಇನ್ನೊಂದಕ್ಕೆ ಬಗ್ಗಡದ ಜೊತೆ ತೂಕ ಮಾಡಿದ ತ್ಯಾಜ್ಯ, ಉದಾಹರಣೆಗೆ ಹಾಸ್ಟೆಲ್ ಮೆಸ್ಸಿನಲ್ಲಿ ಉಳಿದ ಅನ್ನ. ಗಾಳಿಯಾಡದಂತೆ ಬಿರಡೆ ಹಾಕಿ, 35 ಡಿಗ್ರಿ ಆಸುಪಾಸಿನಲ್ಲಿ ಇಡುತ್ತೀರಿ. ಬಿರಡೆಯಿಂದ ಹೊರಟ ನಳಿಕೆ ಕ್ಷಾರದ ನೀರು ತುಂಬಿದ ಇನ್ನೊಂದು ಪಾತ್ರೆಗೆ ಹೋಗುತ್ತದೆ. ಕ್ಷಾರ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ, ಉಳಿದ ಮೀಥೇನ್ ತನ್ನ ಗಾತ್ರದಷ್ಟೇ ನೀರನ್ನು ಹೊರಗೆ ತಳ್ಳುತ್ತದೆ. ದಿನಾ ಆ ನೀರನ್ನು ಅಳೆದು ಬರೆದಿಡಬೇಕು. ಸುಮಾರು 30 ದಿನ. ದಸರಾ ರಜೆ ಬಂದರೂ ಬಾಟಲಿಗೆ ರಜೆ ಇಲ್ಲ.

ಮೊದಲ ದಿನಗಳಲ್ಲಿ ಅನಿಲ ಜೋರಾಗಿ ಬರುತ್ತದೆ, ಆದರೆ ಅದರಲ್ಲಿ ಮೀಥೇನ್ ಕಡಿಮೆ. ಅನ್ನವನ್ನು ಒಂದು ಗುಂಪಿನ ಬ್ಯಾಕ್ಟೀರಿಯಾ ಸಕ್ಕರೆಯಾಗಿಯೂ ಆಮ್ಲವಾಗಿಯೂ ಒಡೆಯುತ್ತಿರುತ್ತವೆ. ಮೀಥೇನ್ ಮಾಡುವ ಜೀವಿಗಳು ನಿಧಾನ. ಅವು ಆಮ್ಲವನ್ನು ತಿಂದು ಮುಗಿಸುವುದಕ್ಕಿಂತ ಬೇಗ ಆಮ್ಲ ಸೇರಿಕೊಂಡರೆ ಬಾಟಲಿ ಹುಳಿಯುತ್ತದೆ. ಪಿಎಚ್ 6.5ಕ್ಕಿಂತ ಕೆಳಗಿಳಿದರೆ ಅವು ಕೆಲಸ ನಿಲ್ಲಿಸುತ್ತವೆ. ಆಗ ಸುಣ್ಣವೋ ಸೋಡಾವೋ ಹಾಕಿ ಸರಿಪಡಿಸಬೇಕು, ಇಲ್ಲವೇ ಅನ್ನ ಕಡಿಮೆ ಮಾಡಿ ಸಗಣಿ ಹೆಚ್ಚಿಸಬೇಕು. ಇಂಗಾಲ ಮತ್ತು ಸಾರಜನಕದ ಪ್ರಮಾಣ 20ರಿಂದ 30ಕ್ಕೆ ಒಂದು ಇದ್ದರೆ ಚೆನ್ನ ಎನ್ನುವುದು ಪಠ್ಯದಲ್ಲಿರುತ್ತದೆ. ಅದು ಯಾಕೆ ಎಂದು ಅರ್ಥವಾಗುವುದು ಬಾಟಲಿ ಒಮ್ಮೆ ಹುಳಿತ ಮೇಲೆ. ಕೊನೆಗೆ ಎರಡನೇ ಬಾಟಲಿಯ ಲೆಕ್ಕದಿಂದ ಮೊದಲನೆಯದನ್ನು ಕಳೆದರೆ ಅನ್ನದಿಂದ ಬಂದ ಮೀಥೇನ್ ಎಷ್ಟು ಎಂದು ಸಿಗುತ್ತದೆ.

ಇಷ್ಟು ಮಾಡಿದವರಿಗೆ ಮುಂದಿನ ಲೆಕ್ಕ ಸುಲಭ. ಒಂದು ಕಿಲೋ ಹಸಿ ಸಗಣಿಯಿಂದ ಸುಮಾರು 40 ಲೀಟರ್ ಅನಿಲ. ದಿನಕ್ಕೆ 2 ಘನ ಮೀಟರ್ ಬೇಕಾದರೆ 50 ಕಿಲೋ ಸಗಣಿ, ಅಂದರೆ ನಾಲ್ಕೈದು ದನ. ಪುರದಲ್ಲಿ ಅಡುಗೆಗೆ ಸಾಲದಿದ್ದದ್ದು ಯಾಕೆಂದು ಈಗ ಹೊಳೆದಿರಬೇಕು.

ಎಂ.ಟೆಕ್. ಕಡೆಯ ಲೆಕ್ಕದ ರೀತಿ ಬೇರೆ. ಸೋಲಾರ್ ಫಲಕದ ಮೇಲೆ ಬರೆದಿರುವ ವ್ಯಾಟ್ 25 ಡಿಗ್ರಿ ಉಷ್ಣತೆಗೆ ಅಳೆದದ್ದು. ಸಿಲಿಕಾನ್ ಫಲಕ ಒಂದೊಂದು ಡಿಗ್ರಿ ಹೆಚ್ಚು ಕಾದಾಗಲೂ ಸುಮಾರು ಶೇಕಡಾ 0.4ರಷ್ಟು ಉತ್ಪಾದನೆ ಕಳೆದುಕೊಳ್ಳುತ್ತದೆ. ಪಾವಗಡದ ಬೇಸಿಗೆಯಲ್ಲಿ ಫಲಕ 60 ಡಿಗ್ರಿ ಮುಟ್ಟಿದರೆ ನೂರಕ್ಕೆ 14 ಹೋಯಿತು. ಅಲ್ಲಿನ 2,050 ಮೆಗಾವ್ಯಾಟ್‌ನ ಸೋಲಾರ್ ಪಾರ್ಕಿನಲ್ಲಿ ಈ 14 ಸಣ್ಣ ಸಂಖ್ಯೆಯಲ್ಲ. ಬಿಸಿ, ಧೂಳು, ನೆರಳು, ಬ್ಯಾಟರಿ, ಗ್ರಿಡ್ ಅಂದರೆ ವಿದ್ಯುತ್ ಜಾಲ, ಇವುಗಳ ಲೆಕ್ಕವೇ ಅಲ್ಲಿನ ಓದು.

ಖರ್ಚಿನ ವಿಷಯಕ್ಕೆ ಬರೋಣ. ಸರ್ಕಾರಿ ವಿ.ವಿ.ಯ ಸಾಮಾನ್ಯ ಸೀಟಿಗೂ ಪೇಮೆಂಟ್ ಸೀಟಿಗೂ ಶುಲ್ಕದಲ್ಲಿ ಬಹಳ ಅಂತರ. ಖಾಸಗಿಯಲ್ಲಿ ಇನ್ನೂ ಹೆಚ್ಚು. ಸೇರುವ ಮುಂಚೆ ಎರಡು ವರ್ಷದ ಒಟ್ಟು ಮೊತ್ತ ಕೇಳಿ, ಮೊದಲ ವರ್ಷದ್ದಷ್ಟೇ ಅಲ್ಲ. ಲ್ಯಾಬ್ ಶುಲ್ಕ, ಪರೀಕ್ಷಾ ಶುಲ್ಕ, ಪ್ರಾಜೆಕ್ಟ್ ಖರ್ಚು ಬೇರೆ ಇವೆಯೇ ಎಂದೂ ಕೇಳಿ. ಹಿನಕಲ್‌ನವರಿಗೆ ಒಂದು ಅನುಕೂಲವಿದೆ. ಹುಣಸೂರು ರಸ್ತೆಯಲ್ಲಿ ಸಿಟಿ ಬಸ್ ಹತ್ತಿದರೆ ಮೈಸೂರು ವಿ.ವಿ.ಯ ಆವರಣ ಮಾನಸಗಂಗೋತ್ರಿ ಹತ್ತಿರವೇ. ಹಾಸ್ಟೆಲ್ ಖರ್ಚು ಇಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಬಸ್ ಖರ್ಚೂ ಇಲ್ಲ.

ಹಣ ಬರುವ ದಾರಿಗಳೂ ಇವೆ. ಗ್ಯಾಟ್-ಬಿ ಮೂಲಕ ಸೇರಿದವರಿಗೆ ಎಂ.ಎಸ್ಸಿ. ಬಯೋಟೆಕ್ನಾಲಜಿಯಲ್ಲಿ ತಿಂಗಳಿಗೆ 5,000 ರೂಪಾಯಿ, ಎಂ.ಟೆಕ್.ನಲ್ಲಿ 12,000 ರೂಪಾಯಿ ವಿದ್ಯಾರ್ಥಿವೇತನವಿದೆ. ಗೇಟ್ ಮೂಲಕ ಮಾನ್ಯತೆ ಪಡೆದ ಕಾಲೇಜಿನಲ್ಲಿ ಪೂರ್ಣಾವಧಿ ಎಂ.ಟೆಕ್. ಸೇರಿದವರಿಗೆ ತಿಂಗಳಿಗೆ 12,400. ಪಿಜಿಸಿಇಟಿ ಬರೆದು ಅದೇ ತರಗತಿಯಲ್ಲಿ ಪಕ್ಕ ಕೂತವರಿಗೆ ಈ ಹಣ ಸಿಗುವುದಿಲ್ಲ. ಹಾಗಾಗಿ ಗೇಟ್‌ಗೆ ಒಂದು ವರ್ಷ ಶ್ರಮ ಹಾಕುವುದು ದುಡ್ಡಿನ ಲೆಕ್ಕದಲ್ಲೂ ಸರಿ. ರಾಜ್ಯದ ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ. ಸಾಲ ಬೇಕಾದರೆ 2024ರಲ್ಲಿ ಬಂದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ನೋಡಿ. ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಮಾತ್ರ ಅದು ಅನ್ವಯ. ಅಡಮಾನ ಬೇಕಿಲ್ಲ. ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ ಬಡ್ಡಿಯಲ್ಲಿ ಶೇಕಡಾ 3 ರಿಯಾಯಿತಿ ಇದೆ.

ಎಲ್ಲಿ ಓದಬಹುದು? ಮಾನಸಗಂಗೋತ್ರಿಯಲ್ಲಿ ಬಯೋಟೆಕ್ನಾಲಜಿ, ಮೈಕ್ರೋಬಯಾಲಜಿ, ಪರಿಸರ ವಿಜ್ಞಾನ ವಿಭಾಗಗಳಿವೆ. ಕೆ.ಆರ್.ಎಸ್. ರಸ್ತೆಯ ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಿಂದ ನಡೆಯುತ್ತಿರುವ ಸಿಎಫ್‌ಟಿಆರ್‌ಐ ಇದೆ. ಆಹಾರ ತಂತ್ರಜ್ಞಾನದಲ್ಲಿ ಎಂ.ಎಸ್ಸಿ., ಸಂಶೋಧನೆಗೆ ಪಿಎಚ್.ಡಿ. ಎರಡೂ ಅಲ್ಲಿವೆ. ಹುದುಗಿಸುವ ತಂತ್ರ ಕಲಿಯಬೇಕೆನ್ನುವವರಿಗೆ ಇಂಥ ಸಂಸ್ಥೆ ಮನೆ ಪಕ್ಕದಲ್ಲಿರುವುದು ಪುಣ್ಯ. ಮಾನಂದವಾಡಿ ರಸ್ತೆಯ ಎನ್‌ಐಇ ಕಾಲೇಜಿನಲ್ಲಿ ನವೀಕರಿಸಬಹುದಾದ ಇಂಧನಕ್ಕೆಂದೇ ಕ್ರೆಸ್ಟ್ ಎಂಬ ಕೇಂದ್ರವಿದೆ. ಬಯೋಗ್ಯಾಸ್, ಬಯೋಡೀಸೆಲ್ ವಿಷಯ ತಿಳಿಯಲು ಅಲ್ಲಿಂದ ಶುರುಮಾಡಬಹುದು. ರಾಯಚೂರು ಕೃಷಿ ವಿ.ವಿ.ಯ ಕೃಷಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ನವೀಕರಿಸಬಹುದಾದ ಇಂಧನದ ವಿಭಾಗವಿದೆ. ಬೆಂಗಳೂರಿನಲ್ಲಿ, ಹಳೆಯ ಅಸ್ತ್ರ ಈಗ ಸುಸ್ಥಿರ ತಂತ್ರಜ್ಞಾನಗಳ ಕೇಂದ್ರವಾಗಿದೆ. ರಾಜ್ಯದ ಹೊರಗೆ ದೆಹಲಿಯ ಟೆರಿ ಸಂಸ್ಥೆ, ಜೈವಿಕ ಇಂಧನಕ್ಕೆ ಮುಂಬೈನ ಐಸಿಟಿ.

ವಿದೇಶದ ಆಸೆ ಇದ್ದರೆ ಜರ್ಮನಿ. ಓಲ್ಡೆನ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ನವೀಕರಿಸಬಹುದಾದ ಇಂಧನದ ಸ್ನಾತಕೋತ್ತರ ಕೋರ್ಸು 1987ರಿಂದ ಇದೆ. ಅಲ್ಲಿ ಬಹುತೇಕ ಸರ್ಕಾರಿ ವಿ.ವಿ.ಗಳಲ್ಲಿ ಬೋಧನಾ ಶುಲ್ಕ ಇಲ್ಲ ಎಂದು ಹಿಗ್ಗಬೇಡಿ. ವೀಸಾಕ್ಕೆ ಒಂದು ವರ್ಷದ ಜೀವನ ಖರ್ಚನ್ನು ಮೊದಲೇ ಬ್ಲಾಕ್ಡ್ ಖಾತೆಯಲ್ಲಿ ಇಡಬೇಕು. 2024ರ ಸೆಪ್ಟೆಂಬರ್‌ನಲ್ಲಿ ಆ ಮೊತ್ತವನ್ನು 11,904 ಯೂರೋಗೆ ಏರಿಸಿದರು. ಭಾರತದವರಿಗೆ ಎಪಿಎಸ್ ಎಂಬ ದಾಖಲೆ ಪರಿಶೀಲನಾ ಪತ್ರವೂ ಬೇಕು.

ವಿಭಾಗ ಆರಿಸುವಾಗ ಕಟ್ಟಡ ನೋಡಬೇಡಿ. ಸೀನಿಯರ್‌ಗಳನ್ನು ಹಿಡಿದು ಕೇಳಿ: ಹೋದ ವರ್ಷದ ಪ್ರಾಜೆಕ್ಟುಗಳ ಶೀರ್ಷಿಕೆ ಏನೇನಿದ್ದವು? ಫರ್ಮೆಂಟರ್, ಅಂದರೆ ಹುದುಗು ತೊಟ್ಟಿ, ಓಡುತ್ತದೆಯೋ ಗಾಜಿನ ಬೀರುವಿನಲ್ಲಿದೆಯೋ? ಅನಿಲ ಅಳೆಯುವ ಗ್ಯಾಸ್ ಕ್ರೊಮಟೋಗ್ರಾಫ್ ಮೇಲೆ ವಿದ್ಯಾರ್ಥಿ ಕೈಯಿಡಬಹುದೋ? ಪ್ರಾಜೆಕ್ಟನ್ನು ಹೊರಗಿನ ಖಾಸಗಿ ಲ್ಯಾಬಿಗೆ ದುಡ್ಡು ಕೊಟ್ಟು ಮಾಡಿಸಿಕೊಂಡು ಬರುವ ಪದ್ಧತಿ ಇರುವ ಕಡೆ ಸೇರಬೇಡಿ. ಸಿದ್ಧ ವರದಿ ಕೈಗೆ ಬರುತ್ತದೆ, ವಿದ್ಯೆ ಬರುವುದಿಲ್ಲ. ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಅದು ಗೊತ್ತಾಗುತ್ತದೆ.

ಕೆಲಸ ಸಿಗುತ್ತದೆಯೇ ಎಂಬ ಪ್ರಶ್ನೆಗೆ ಸಿಹಿ ಮಾತು ಬೇಡ. ಬರಿಯ ಎಂ.ಎಸ್ಸಿ. ಬಯೋಟೆಕ್‌ಗೆ ಮೊದಲ ಸಂಬಳ ದೊಡ್ಡದಿರುವುದಿಲ್ಲ. ಔಷಧಿ, ಆಹಾರ ಕಾರ್ಖಾನೆಗಳ ಗುಣಮಟ್ಟ ವಿಭಾಗ, ಡಿಸ್ಟಿಲರಿ, ಕೊಳಚೆ ನೀರು ಶುದ್ಧೀಕರಣ ಘಟಕ, ಇವು ಶುರುವಿನ ಜಾಗಗಳು. ಸಂಶೋಧನೆಯ ಮನಸ್ಸಿದ್ದರೆ ಸಿಎಸ್‌ಐಆರ್-ನೆಟ್ ಬರೆದು ಜೆಆರ್‌ಎಫ್ ಪಡೆಯಿರಿ. 2023ರಿಂದ ಅದು ತಿಂಗಳಿಗೆ 37,000 ರೂಪಾಯಿ, ಮೇಲೆ ಮನೆ ಬಾಡಿಗೆ ಭತ್ಯೆ. ಎಂ.ಟೆಕ್.ನವರಿಗೆ ಸೋಲಾರ್, ಗಾಳಿ ಕಂಪನಿಗಳ ಕೆಲಸ ಬೇಗ ಸಿಗಬಹುದು, ಆದರೆ ಪಾವಗಡ, ಚಿತ್ರದುರ್ಗದ ಬಿಸಿಲಲ್ಲಿ ಸೈಟ್ ಮೇಲೆ ಇರಲು ತಯಾರಿರಬೇಕು.

ಕೊನೆಯದಾಗಿ ಕಾಗದಪತ್ರ. ಅಂಕಪಟ್ಟಿ, ಪ್ರಾವಿಷನಲ್ ಪ್ರಮಾಣಪತ್ರ, ಬೇರೆ ವಿ.ವಿ.ಯಿಂದ ಬಂದಿದ್ದರೆ ಮೈಗ್ರೇಷನ್. ಜಾತಿ, ಆದಾಯ ಪತ್ರವನ್ನು ನಾಡಕಚೇರಿಯಲ್ಲಿ ಈಗಲೇ ಮಾಡಿಸಿಡಿ. ಜಾಮ್, ಗೇಟ್, ಗ್ಯಾಟ್-ಬಿಗಳಿಗೆ ರಾಜ್ಯದ 2ಎ, 3ಬಿ ಪತ್ರ ನಡೆಯುವುದಿಲ್ಲ. ಕೇಂದ್ರದ ನಮೂನೆಯ ಒಬಿಸಿ ಕೆನೆಪದರರಹಿತ ಪತ್ರ, ಇಲ್ಲವೇ ಇಡಬ್ಲ್ಯೂಎಸ್ ಪತ್ರ ಬೇಕು. ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿರುವ ಎಲ್ಲ ಜಾತಿಗಳೂ ಕೇಂದ್ರದ ಪಟ್ಟಿಯಲ್ಲಿಲ್ಲ. ನಿಮ್ಮದು ಇದೆಯೇ ಎಂದು ಅರ್ಜಿ ತುಂಬುವ ಮೊದಲೇ ನೋಡಿಕೊಳ್ಳಿ. ಕೌನ್ಸೆಲಿಂಗ್ ದಿನ ತಹಶೀಲ್ದಾರ್ ಕಚೇರಿಗೆ ಓಡಿದರೆ ಪತ್ರ ಸಿಗುವ ಹೊತ್ತಿಗೆ ಸೀಟು ಬೇರೆಯವರ ಹೆಸರಿಗೆ ಬರೆದಾಗಿರುತ್ತದೆ.